ಬೆಳಗಿನ ಪಾಳಿಯವಳು

ಮಾರ್ಚ್ 9

ಪುಟ್ಟಿ,

ನೀನು ಫೋನ್ ಮಾಡಿದಾಗ ಎರಡು ಮಾತಾಡಿ ಸೊಸೆಯ ಕೈಗೆ ಕೊಟ್ಟುಬಿಟ್ಟೆ ಎಂದು ಮುಖ ಊದಿಸಿಕೊಳ್ಳಬೇಡ. ಮಾತಿಗೆ ಉಸಿರು ಬೇಕು, ಕಾಗದಕ್ಕೆ ಬೇಡ. ನೂಲಿನ ಗಿರಣಿಯ ಧೂಳು ಮೂವತ್ತು ವರ್ಷ ಒಳಗೆ ಹೋಗಿ ಕೂತಿದೆ. ಬಾಡಿಗೆ ಕೊಡದ ಬಿಡಾರದವನ ಹಾಗೆ, ಎಬ್ಬಿಸಿದರೂ ಏಳುವುದಿಲ್ಲ. ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಕಿಟಕಿಯ ಪಕ್ಕ ಕೂತಿದ್ದೇನೆ. ಪಕ್ಕದಲ್ಲಿ ಆಕ್ಸಿಜನ್ ಯಂತ್ರ ಗುರ್ ಗುರ್ ಅನ್ನುತ್ತಿದೆ. ನಿನ್ನ ಭಾವ ಇದ್ದಾಗ ರಾತ್ರಿಯಿಡೀ ಇದೇ ಸದ್ದು. ಹಾಗಾಗಿ ನನಗೇನೂ ಹೊಸದಲ್ಲ.

ರೇಡಿಯೋದಲ್ಲಿ ಹೊಸ ರೋಗದ್ದೇ ಮಾತು. ನಿನ್ನೆ ಒಬ್ಬ ಡಾಕ್ಟರು ಬಹಳ ಸಮಾಧಾನವಾಗಿ ಹೇಳುತ್ತಿದ್ದರು: "ಯಾರೂ ಗಾಬರಿಯಾಗ್ಬೇಡಿ. ವಯಸ್ಸಾದವರಿಗೆ, ಮೊದಲೇ ಬೇರೆ ಕಾಯಿಲೆ ಇರೋವ್ರಿಗೆ ಮಾತ್ರ ಅಪಾಯ." ಸೊಸೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದವಳು ಪಟ್ಟನೆ ನನ್ನ ಕಡೆ ನೋಡಿ, ನೋಡಲಿಲ್ಲ ಅನ್ನುವ ಹಾಗೆ ಮುಖ ತಿರುಗಿಸಿದಳು. ಆ ‘ಮಾತ್ರ’ದೊಳಗೆ ನಾನೂ ಇದ್ದೇನೆ, ನೀನೂ ಇದ್ದೀಯ. ಲೋಕದಲ್ಲಿ ಇನ್ನೆಷ್ಟು ಜನ ಇದ್ದಾರೋ. ಸಮಾಧಾನ ಹೇಳಿದ್ದು ಯಾರಿಗೆ ಅಂತ ಯೋಚಿಸುತ್ತ ಕೂತೆ.

ಮಗ ಬಸ್ಸು ಓಡಿಸುತ್ತಲೇ ಇದ್ದಾನೆ. ನಿನ್ನ ಸಕ್ಕರೆ ಹೇಗಿದೆ? ಮುದುಕರ ತಟ್ಟೆಯಲ್ಲಿ ಉಳಿದ ಬಿಸ್ಕತ್ತು ಬಾಯಿಗೆ ಹಾಕಿಕೊಳ್ಳುವುದನ್ನು ಬಿಟ್ಟೆಯಾ? ಸುಳ್ಳು ಬರೆಯಬೇಡ.

ನಿನ್ನ
ಅಕ್ಕ


ಮಾರ್ಚ್ 21

ಅಕ್ಕಾ,

ಬಿಸ್ಕತ್ತು ಬಿಟ್ಟಿದ್ದೇನೆ. ಬಿಸ್ಕತ್ತೇ ನನ್ನನ್ನು ಬಿಟ್ಟಿಲ್ಲ.

ಇಲ್ಲಿ ವೃದ್ಧಾಶ್ರಮದ ಗೇಟಿಗೆ ಬೀಗ ಬಿತ್ತು. ಮಕ್ಕಳು ಮೊಮ್ಮಕ್ಕಳು ಯಾರೂ ಒಳಗೆ ಬರುವ ಹಾಗಿಲ್ಲ. ಬಂದವರು ಅಂಗಳದಲ್ಲಿ ನಿಂತು ಕಿಟಕಿಯ ಗಾಜಿನಾಚೆಯಿಂದ ಕೈ ಬೀಸುತ್ತಾರೆ. ಗಡಿಯಾರದಜ್ಜನ ಮಗಳು ನಿನ್ನೆ ಗಾಜಿಗೆ ಅಂಗೈ ಇಟ್ಟಳು. (ಅಜ್ಜ ಗಡಿಯಾರ ರಿಪೇರಿ ಮಾಡುತ್ತಿದ್ದವರು, ಅದಕ್ಕೆ ಆ ಹೆಸರು.) ಅಜ್ಜ ಈ ಕಡೆಯಿಂದ ತಮ್ಮ ಕರವಸ್ತ್ರ ತೆಗೆದು, ಗಾಜಿನ ಮೇಲೆ ಕೊಳೆ ಇದೆಯೆಂದು ಆ ಜಾಗವನ್ನೇ ಒರೆಸಿದರು. ಅವಳು ಹೊರಗೆ ಅಳುತ್ತಿದ್ದಳು, ನಾನು ಒಳಗೆ ನಗುತ್ತಿದ್ದೆ. ಆಮೇಲೆ ಯಾಕೋ ಅದಲುಬದಲಾಯಿತು.

ನಮ್ಮ ದೊರೆಸಾನಿಯ ವಿಷಯ ಹೇಳಿದ್ದೆನಲ್ಲ, ತೊಂಬತ್ತು ದಾಟಿದವರು, ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿದ್ದವರು? ಈಗ ತಮ್ಮ ಹೆಸರೂ ನೆನಪಿಲ್ಲ, ಗತ್ತು ಮಾತ್ರ ಹಾಗೇ ಇದೆ. ನಾನು ಬೆಳಗಿನ ಪಾಳಿಗೆ ಹೋದ ಕೂಡಲೇ "ಲೇಟು!" ಅನ್ನುತ್ತಾರೆ. ಬೇರೆ ಯಾರು ತಿನ್ನಿಸಿದರೂ ಬಾಯಿ ಬಿಗಿಯುತ್ತಾರೆ. ನಾನು ನಿನ್ನ ಕಥೆ ಹೇಳಿ ತಿನ್ನಿಸುತ್ತೇನೆ. ನೀನು ಗಿರಣಿಯ ಮೇಸ್ತ್ರಿಯ ಟೋಪಿಗೆ ಹತ್ತಿ ತುಂಬಿದ್ದು, ನನಗೆ ಜ್ವರ ಬಂದಾಗ ಬೆನ್ನ ಮೇಲೆ ಹೊತ್ತುಕೊಂಡು ಆಸ್ಪತ್ರೆಗೆ ಓಡಿದ್ದು. ಒಂದು ಚಮಚ ತಿಂದು, "ಆಮೇಲೆ ಅಕ್ಕ ಏನು ಮಾಡಿದ್ಲು?" ಅಂತ ಕೇಳುತ್ತಾರೆ. ನಿನ್ನ ಪುಣ್ಯದಿಂದ ತಟ್ಟೆ ಖಾಲಿಯಾಗುತ್ತದೆ.

ಇನ್ನೊಂದು ಸುದ್ದಿ. ಅರವತ್ತು ದಾಟಿದ ಕೆಲಸದವರು, ಸಕ್ಕರೆ, ಬಿ.ಪಿ. ಇರುವವರು ಬೇಕಾದರೆ ಮನೆಗೆ ಹೋಗಬಹುದು ಎಂದು ಮೇಟ್ರನ್ ಹೇಳಿದರು. ಎರಡರಲ್ಲೂ ನಾನು ಪಾಸು. ಮನೆ ಅಂದರೆ ನನಗೆ ಇಲ್ಲಿನ ಹಿಂದಿನ ಕೋಣೆಯೇ ತಾನೇ? ಅದಕ್ಕೆ ಕೇಳುತ್ತೇನೆ, ನಿಮ್ಮಲ್ಲಿ ಒಂದು ಹಾಸಿಗೆಗೆ ಜಾಗ ಇದೆಯಾ? ತಮಾಷೆಗೆ ಕೇಳಿದೆ. ಅರ್ಧ ತಮಾಷೆಗೆ.

ಇಂತಿ,
ಪುಟ್ಟಿ


ಏಪ್ರಿಲ್ 6

ಪುಟ್ಟಿ,

ಉತ್ತರ ತಡವಾಯಿತು. ಅಂಚೆಯೂ ಸರಿಯಿಲ್ಲ.

ನಮ್ಮ ಕೆಳಮನೆಯ ಬೀಗದ ರಿಪೇರಿಯವರು ಹೋದರು. ಅವರಿಗೆ ಆ ರೋಗ ಬಂದಿರಲಿಲ್ಲ. ಮೊದಲಿಂದಲೂ ಹೃದಯದ ಕಾಯಿಲೆ. ಬೆಳಗ್ಗೆ ಎದೆ ಹಿಂಡಿದ ಹಾಗಾಗುತ್ತೆ ಅಂದರಂತೆ. ಹೆಂಡತಿ "ಆಸ್ಪತ್ರೆಗೆ ಹೋಗೋಣ ಏಳಿ" ಅಂದಿದ್ದಕ್ಕೆ "ಅಲ್ಲಿಗೆ ಹೋಗಿ ಅದನ್ನ ಅಂಟಿಸ್ಕೊಂಡು ಬರ್ಲಾ? ಸ್ವಲ್ಪ ಕೂತ್ರೆ ಸರಿಹೋಗುತ್ತೆ" ಎಂದು ಕುರ್ಚಿಯಲ್ಲಿ ಕೂತರು. ಮಧ್ಯಾಹ್ನ ಊಟಕ್ಕೆ ಎಬ್ಬಿಸಲು ಹೋದರೆ ಏಳಲಿಲ್ಲ. ಊರಿನವರ ಬೀಗವನ್ನೆಲ್ಲ ತೆಗೆದ ಮನುಷ್ಯ, ತನ್ನ ಮನೆಯ ಬಾಗಿಲು ದಾಟಲಿಲ್ಲ.

ನನ್ನ ಎದೆ ರೋಗದ ವಿಭಾಗವನ್ನೂ ಮುಚ್ಚಿದ್ದಾರೆ. ಹೊಸ ರೋಗಿಗಳಿಗೆ ಆ ಕೋಣೆಗಳು ಬೇಕಂತೆ. ವಾರವಾರ ಉಸಿರಿನ ವ್ಯಾಯಾಮ ಮಾಡಿಸುತ್ತಿದ್ದ ಹುಡುಗಿ ಈಗ ಅಲ್ಲೇ ಕೆಲಸಕ್ಕೆ. ನಾನು ಗೋಡೆ ನೋಡಿಕೊಂಡು ನಾನೇ ಮಾಡುತ್ತೇನೆ.

ಸೊಸೆ ತರಕಾರಿಗೂ ಸೋಪು ಹಾಕಿ ಸ್ನಾನ ಮಾಡಿಸುತ್ತಾಳೆ. ಮಗನನ್ನು ಆಸ್ಪತ್ರೆಯ ನರ್ಸುಗಳನ್ನು ಕರೆದೊಯ್ಯುವ ಬಸ್ಸಿಗೆ ಹಾಕಿದ್ದಾರೆ. ಅವನು ಡಿಪೋದಲ್ಲೇ ಮಲಗುತ್ತಾನೆ. ಸಂಜೆ ಬೀದಿಯಲ್ಲಿ ನಿಂತು ಕತ್ತೆತ್ತಿ ನೋಡುತ್ತಾನೆ, ನಾನು ಕಿಟಕಿಯಿಂದ ಬಗ್ಗಿ ನೋಡುತ್ತೇನೆ. ತೆಳ್ಳಗಾಗಿದ್ದಾನೆ.

ಬಿಸಿಲು ಜೋರಾಗಿದೆ. ನೀರು ಚೆನ್ನಾಗಿ ಕುಡಿ. ಮತ್ತೇನೂ ವಿಶೇಷವಿಲ್ಲ.

ಅಕ್ಕ


ಏಪ್ರಿಲ್ 17

ಅಕ್ಕಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಹಾಳೆ ತಿರುಗಿಸಿ ಹಿಂದೆಯೂ ನೋಡಿದೆ. ನೀನು ಹೇಳದೇ ಬಿಟ್ಟದ್ದು ಅಲ್ಲೂ ಇರಲಿಲ್ಲ.

ಬೇಜಾರು ಮಾಡಿಕೊಳ್ಳಬೇಡ ಮಾರಾಯ್ತಿ. ನಿನ್ನ ಜಾಗದಲ್ಲಿ ನಾನಿದ್ದಿದ್ದರೂ ಬಿಸಿಲಿನ ವಿಷಯವನ್ನೇ ಬರೆಯುತ್ತಿದ್ದೆ. ನಿನ್ನ ಎದೆಗೂಡು ಈಗ ಒಡೆದ ಮಡಕೆ, ಅದಕ್ಕೆ ನಾನು ಹೋಗಿ ಕಲ್ಲು ಹೊಡೆಯಲೇ? ನಾನೇ ಕೇಳಬಾರದಿತ್ತು. ಇರಲಿ, ಮುಗಿಯಿತು.

ಇಲ್ಲಿ ಎಳೆಯ ಆಯಾಗಳು ಒಬ್ಬೊಬ್ಬರೇ ಜಾರಿಕೊಂಡರು. ಅವರ ಮನೆಗಳಲ್ಲಿ ಮಕ್ಕಳಿದ್ದಾರೆ, ತಪ್ಪಲ್ಲ. ಉಳಿದವರಲ್ಲಿ ನಾನೇ ಹಿರಿಯಳು. ಮೇಟ್ರನ್ "ನೀವಾದ್ರೂ ಹೋಗಿ" ಅಂದರು. "ಮೇಡಂ, ಮುದುಕರ ಭಾಷೆ ಮುದುಕಿಗೇ ಅರ್ಥವಾಗೋದು" ಅಂದೆ. ಅವರು ಮತ್ತೆ ಒತ್ತಾಯ ಮಾಡಲಿಲ್ಲ. ಪಾಪ, ಅವರಿಗೂ ಬೇರೆ ಗತಿ ಇರಲಿಲ್ಲ.

ಕಾಲಿಗೆ ಚಪ್ಪಲಿ ಕಚ್ಚಿ ಸಣ್ಣ ಗಾಯವಾಗಿದೆ. ಸಕ್ಕರೆ ಡಾಕ್ಟರಿಗೆ ತೋರಿಸೋಣವೆಂದರೆ ಅವರ ಕ್ಲಿನಿಕ್ಕೂ ಮುಚ್ಚಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹಳೆಯ ಚೀಟಿಯ ಮಾತ್ರೆಯನ್ನೇ ನುಂಗುತ್ತಿದ್ದೇನೆ. ನೀನು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ.

ದೊರೆಸಾನಿ ನಿನ್ನನ್ನು ಕೇಳಿದರು. ಈಗೀಗ ಅವರ ತಲೆಯಲ್ಲಿ ನೀನು ನನ್ನ ಅಕ್ಕ ಅಲ್ಲ, ಅವರ ಅಕ್ಕ. "ನಿನಗೆ ನನ್ನ ಅಕ್ಕ ಹೇಗೆ ಗೊತ್ತು?" ಎಂದು ನನ್ನನ್ನೇ ದಬಾಯಿಸುತ್ತಾರೆ.

ಇಂತಿ,
ಪುಟ್ಟಿ


ಏಪ್ರಿಲ್ 26

ಪುಟ್ಟಿ,

ಬಾ.

ಮೊದಲು ಅದನ್ನು ಬರೆದುಬಿಟ್ಟೆ. ಇನ್ನು ಉಳಿದದ್ದು ಹೇಳುತ್ತೇನೆ. ನಿನ್ನ ಕಾಗದ ಬಂದ ದಿನ ಊಟದ ತಟ್ಟೆಯನ್ನು ಹಾಗೇ ಪಕ್ಕಕ್ಕೆ ಸರಿಸಿದೆ. ಸೊಸೆ "ಏನಾಯ್ತು ಅತ್ತೆ?" ಅಂದಳು. "ನನ್ನ ತಂಗಿ ಇಲ್ಲಿಗೆ ಬರಲಿ" ಅಂದೆ. ಅವಳು ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ಇಟ್ಟಳು.

"ನಾನು ಬೇಡ ಅಂತೀನಿ ಅಂತ ನೀವು ಮೊದಲೇ ತೀರ್ಮಾನ ಮಾಡಿದ್ರಾ?"

"ನೀನೇ ಹೇಳಿದ್ಯಲ್ಲ ಪಕ್ಕದ ಮನೆಯವಳ ಹತ್ರ, ಯಾರು ಬಂದ್ರೂ ಬಾಗಿಲು ತೆಗೆಯಲ್ಲ ಅಂತ."

"ಹೇಳ್ದೆ! ಯಾರಿಗೋಸ್ಕರ ಹೇಳ್ದೆ? ನಿಮ್ಮನ್ನ ಉಳಿಸ್ಕೊಳ್ಳೋಕೆ ನಾನು ಕಟ್ಟಿಕೊಂಡ ಗಂಡನ್ನೇ ಬೀದಿಯಲ್ಲಿ ನಿಲ್ಸಿದೀನಿ ಅತ್ತೆ. ಇಡೀ ದಿನ ಸೋಪು ನೀರಲ್ಲಿ ತೊಳೆದು ತೊಳೆದು ಕೈ ಬಿರುಕು ಬಿಟ್ಟಿದೆ, ನೋಡಿ. ನಾನೇ ಕೆಟ್ಟವಳಾದ್ನಾ?"

ಅವಳು ಅತ್ತಳು. ನನಗೆ ಉಸಿರು ಸಿಕ್ಕದಾಗ ಯಂತ್ರದ ಗುಂಡಿ ತಿರುಗಿಸಿ ಗಾಳಿ ಹೆಚ್ಚಿಸಿದಳು, ಅಳುತ್ತಲೇ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮಿಬ್ಬರಿಗೂ ಒಂದೇ ಕಾಲ ಬಂದಿದೆ. ಮಾರನೆಯ ಬೆಳಗ್ಗೆ ನಾನು ಏಳುವಷ್ಟರಲ್ಲಿ ಇಸ್ತ್ರಿಯ ಮೇಜನ್ನು ಅಡುಗೆಮನೆಗೆ ಸಾಗಿಸಿ, ಮುಂದಿನ ಕೋಣೆಯಲ್ಲಿ ಹಾಸಿಗೆ ಹಾಸಿದ್ದಳು. "ಹದಿನೈದು ದಿನ ಚಿಕ್ಕತ್ತೆ ಆ ಕೋಣೆ ಬಿಟ್ಟು ಹೊರಗೆ ಬರೋ ಹಾಗಿಲ್ಲ. ತಟ್ಟೆ ಬಾಗಿಲ ಹತ್ರ ಇಡ್ತೀನಿ. ಒಪ್ಪಿಗೆ ಇದ್ರೆ ಬರೋಕೆ ಹೇಳಿ" ಅಂದಳು.

ನೀನು ಆ ಬಾಗಿಲಿನ ಆಚೆ ಇದ್ದರೂ ಸಾಕು. ಗೋಡೆ ತಟ್ಟಿದರೆ ತಿರುಗಿ ತಟ್ಟುತ್ತೀಯಲ್ಲ. ಕಾಲಿನ ಗಾಯವನ್ನು ಇಲ್ಲಿ ಯಾರಿಗಾದರೂ ತೋರಿಸೋಣ. ಮಗ ಡಿಪೋದಲ್ಲಿ ಕೇಳಿ ನಿನ್ನನ್ನು ಕರೆತರುವ ವ್ಯವಸ್ಥೆ ಮಾಡುತ್ತಾನೆ. ಹೊರಡು.

ನಿನ್ನ
ಅಕ್ಕ


ಮೇ 5

ಅಕ್ಕಾ,

‘ಬಾ’ ಅನ್ನುವ ಅಕ್ಷರವನ್ನು ಎಷ್ಟು ದೊಡ್ಡದಾಗಿ ಬರೆದಿದ್ದೀಯ! ಶಾಲೆಯ ಕರಿಹಲಗೆಯ ಮೇಲೆ ಬರೆದ ಹಾಗೆ. ದೊರೆಸಾನಿಗೆ ತೋರಿಸಿದೆ. "ಅಕ್ಷರ ದುಂಡಗಿದೆ" ಎಂದು ಮಾರ್ಕು ಕೊಟ್ಟರು.

ಈಗ ಬರಲಾರೆ. ಅದು ಒಳಗೆ ಬಂದಿದೆ.

ಬಂದದ್ದೇ ಗೊತ್ತಾಗಲಿಲ್ಲ. ಜ್ವರ, ಕೆಮ್ಮು ಇದ್ದರೆ ತಿಳಿಸಿ ಎಂದು ಬಾಗಿಲಿಗೆ ಕಾಗದ ಅಂಟಿಸಿದ್ದರು. ಮುದುಕರಿಗೆ ಅದು ಹಾಗೆ ಬರುವುದಿಲ್ಲ ಅಕ್ಕಾ. ಗಡಿಯಾರದಜ್ಜ ಒಂದು ದಿನ ಊಟ ಬೇಡ ಅಂದರು. ಮಾರನೆಯ ದಿನ ಕಕ್ಕಸಿನ ದಾರಿ ಮರೆತರು. ವಯಸ್ಸಾಯಿತಲ್ಲ ಎಂದುಕೊಂಡೆವು. ಮೈ ಮುಟ್ಟಿದರೆ ತಣ್ಣಗೇ ಇತ್ತು. ಮೂರನೆಯ ದಿನ ತುಟಿ ನೀಲಿಯಾದಾಗ ಮೇಟ್ರನ್ ಆಸ್ಪತ್ರೆಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಆ ಕಡೆಯವರು ಮೊದಲು ವಯಸ್ಸು ಕೇಳಿದರು. ಆಮೇಲೆ ಬೇರೆ ಏನೇನು ಕಾಯಿಲೆ ಇದೆ ಎಂದು ಕೇಳಿದರು. ಮೇಟ್ರನ್ ಹೇಳುತ್ತಾ ಹೇಳುತ್ತಾ ಅವರ ದನಿಯೇ ಇಳಿದುಹೋಯಿತು. "ಅಲ್ಲೇ ಆರಾಮವಾಗಿ ಇರೋ ಹಾಗೆ ನೋಡ್ಕೊಳ್ಳಿ" ಅಂದರಂತೆ. ಅವರದು ಕಲ್ಲು ಮನಸ್ಸು ಅಂತ ಹೇಳಲಾರೆ. ಫೋನಿನ ಆ ಕಡೆ ಮಾತಾಡಿದ ಹುಡುಗಿಯೂ ಮೂಗು ಸೇದುತ್ತಿದ್ದಳಂತೆ.

ಆರಾಮವಾಗಿ ನೋಡಿಕೊಂಡೆ. ಅಜ್ಜನ ಕೈ ಹಿಡಿದುಕೊಂಡೆ. ನಡುವೆ ರಬ್ಬರಿನ ಕೈಗವಸು ಇತ್ತು, ಅವರಿಗೆ ಅದು ಇಷ್ಟವಾಗಲಿಲ್ಲ, ಬೆರಳಿನಿಂದ ಕೆರೆಯುತ್ತಿದ್ದರು. ಕೊನೆಗೆ ತೆಗೆದುಬಿಟ್ಟೆ. ಬೈಯಬೇಡ. ಮಗಳು ಕಿಟಕಿಯ ಹೊರಗೇ ಇದ್ದಳು.

ಪತ್ರಿಕೆಯಲ್ಲಿ ಓದಿದೆ, ದೂರದೂರದ ದೇಶಗಳಲ್ಲೂ ಇಂಥ ಮನೆಗಳಲ್ಲೇ ಹೆಚ್ಚು ಜನ ಹೋಗುತ್ತಿದ್ದಾರಂತೆ. ಅಲ್ಲೂ ಯಾರೋ ಒಬ್ಬ ಆಯಾ ಹೀಗೇ ಯಾರಿಗೋ ಬರೆಯುತ್ತಿರಬಹುದು.

ಅಕ್ಕಾ, ನಾನು ಬಂದರೆ ಬರಿಗೈಯಲ್ಲಿ ಬರುವುದಿಲ್ಲ. ಆ ಉಡುಗೊರೆ ನಿನಗೆ ಬೇಡ. ನಿನ್ನ ಸೊಸೆಗೆ ಹೇಳು, ಅವಳು ಹಾಸಿದ ಹಾಸಿಗೆಯ ಮೇಲೆ ನಾನು ಮನಸ್ಸಿನಲ್ಲೇ ಒಂದು ಒಳ್ಳೆಯ ನಿದ್ದೆ ಮಾಡಿದೆ ಎಂದು.

ಇಂತಿ,
ಪುಟ್ಟಿ


ಮೇ 12

ಪುಟ್ಟಿ,

ಬಾ ಎಂದು ಇನ್ನು ಬರೆಯುವುದಿಲ್ಲ. ನೀನು ಕೇಳುವವಳಲ್ಲ. ಆದರೆ ನೀನು ಕಾಗದದಲ್ಲಿ ಕಾಲಿನ ಸುದ್ದಿಯನ್ನೇ ಎತ್ತಲಿಲ್ಲ. ನಾನು ಬಿಸಿಲಿನ ವಿಷಯ ಬರೆದ ಹಾಗೆ ನೀನು ಗಡಿಯಾರದಜ್ಜನ ವಿಷಯ ಬರೆದೆಯಾ? ಗಾಯ ಒಣಗಿತೇ? ಕೀವು ಇದೆಯೇ? ಸಕ್ಕರೆ ನೋಡಿದೆಯಾ? ಒಂದೊಂದಕ್ಕೂ ನೇರವಾಗಿ ಉತ್ತರ ಬರೆ. ಫೋನ್ ಮಾಡಿದರೆ ನೀನು ಕೆಲಸದಲ್ಲಿದ್ದೀಯ ಅನ್ನುತ್ತಾರೆ. ಯಾವಾಗ ನೋಡಿದರೂ ಅದೇ.

ಅಕ್ಕ


ಮೇ 19

ಅಕ್ಕಾ,

ಅಕ್ಷರ ಸೊಟ್ಟಗಿದೆ, ಮಲಗಿಕೊಂಡು ಬರೆಯುತ್ತಿದ್ದೇನೆ. ಸ್ವಲ್ಪ ಸುಸ್ತು, ಅಷ್ಟೆ. ನೀರು ಎಷ್ಟು ಕುಡಿದರೂ ಬಾಯಾರಿಕೆ. ಕಾಲಿಗೆ ಮೇಟ್ರನ್ ತಾವೇ ಪಟ್ಟಿ ಕಟ್ಟಿದರು. ಇಷ್ಟು ದಿನ ಯಾಕೆ ಮುಚ್ಚಿಟ್ಟಿರಿ ಎಂದು ಬೈದರು. ನೀನು ಬೈದ ಹಾಗೇ ಇತ್ತು, ಸುಖವಾಯಿತು.

ಏಳು ಮಂದಿ ಹೋದರು. ಹೆಸರು ಬರೆಯುವುದಿಲ್ಲ. ದೊರೆಸಾನಿಗೆ ಏನೂ ಆಗಿಲ್ಲ. ಯಮನಿಗೂ "ಲೇಟು!" ಅಂದಿರಬೇಕು, ನಾಚಿಕೊಂಡು ವಾಪಸು ಹೋದ.

ಗೋಡೆ ನೋಡಿಕೊಂಡು ಮಾಡುವ ವ್ಯಾಯಾಮ ಬಿಡಬೇಡ. ಮೂಗಿನಲ್ಲಿ ಎಳೆದು ಬಾಯಲ್ಲಿ ಬಿಡು, ನಿಧಾನವಾಗಿ, ದೀಪ ಆರಿಸದ ಹಾಗೆ.

ಪು


ಜೂನ್ 11

ಮಾನ್ಯರೇ,

ಫೋನಿನಲ್ಲಿ ತಮ್ಮ ಸೊಸೆಗೆ ಸುದ್ದಿ ಹೇಳಿದ್ದು ನಾನೇ, ಈ ವೃದ್ಧಾಶ್ರಮದ ಮೇಟ್ರನ್. ಅಂದು ಎರಡು ಮಾತಿಗಿಂತ ಹೆಚ್ಚು ನನ್ನಿಂದ ಆಗಲಿಲ್ಲ. ತಮಗೆ ಪೂರ್ತಿ ತಿಳಿಯಬೇಕೆಂದು ಬರೆಯುತ್ತಿದ್ದೇನೆ.

ತಮ್ಮ ತಂಗಿಗೆ ರೋಗ ತಗುಲಿದ್ದು ಪರೀಕ್ಷೆಯಲ್ಲಿ ಗೊತ್ತಾದಾಗ ಜ್ವರ ಅಷ್ಟೇನೂ ಇರಲಿಲ್ಲ. ಆದರೆ ಅಳೆಯುವ ಯಂತ್ರ ಸಂಖ್ಯೆಯನ್ನೇ ತೋರಿಸದಷ್ಟು ಸಕ್ಕರೆ ಏರಿತ್ತು. ಕಾಲಿನ ಗಾಯ ಮೂಳೆಯವರೆಗೂ ಹೋಗಿತ್ತು. ಅದರ ಮೇಲೇ ನಿಂತು ಅವರು ಮೂರು ಜನರ ಕೆಲಸ ಮಾಡಿದ್ದರು. ಅವರನ್ನು ಆಸ್ಪತ್ರೆಗೆ ಸೇರಿಸಿಕೊಂಡರು. ಅದಕ್ಕಾಗಿ ನಾನು ಅಲ್ಲಿ ಗೇಟಿನ ಮುಂದೆ ಕೂತೆ. ವೈದ್ಯರು ಕೈಲಾದದ್ದೆಲ್ಲ ಮಾಡಿದರು. ಸೋಂಕು ಸಕ್ಕರೆಯನ್ನು ಏರಿಸಿತು, ಸಕ್ಕರೆ ಸೋಂಕನ್ನು ಏರಿಸಿತು, ಎರಡೂ ಸೇರಿ ಮುಗಿಸಿದವು ಎಂದರು. ಕೊನೆಯ ದಿನ ಅವರಿಗೆ ಪ್ರಜ್ಞೆ ಇರಲಿಲ್ಲವಂತೆ, ನೋವೂ ಇರಲಿಲ್ಲವಂತೆ. ಅದನ್ನು ನಂಬಲು ಪ್ರಯತ್ನಿಸುತ್ತಿದ್ದೇನೆ.

ನಾನು ಅವರನ್ನು ಬಲವಂತವಾಗಿ ಮನೆಗೆ ಕಳಿಸಬೇಕಿತ್ತು. ಕಳಿಸಿದ್ದರೆ ಇಲ್ಲಿ ಇನ್ನೂ ಎಷ್ಟು ಮಂದಿ ಹೋಗುತ್ತಿದ್ದರೋ ಎಂಬುದೂ ನಿಜ. ಎರಡನ್ನೂ ಇಟ್ಟುಕೊಂಡೇ ದಿನ ಕಳೆಯುತ್ತಿದ್ದೇನೆ.

ತಮ್ಮ ದುಃಖದ ನಡುವೆ ಒಂದು ಮಾತು ಕೇಳಬೇಕಾಗಿದೆ, ಕ್ಷಮಿಸಿ. ಅವರು ದೊರೆಸಾನಿ ಎಂದು ಕರೆಯುತ್ತಿದ್ದ ವೃದ್ಧೆ ಊಟ ಬಿಟ್ಟಿದ್ದಾರೆ. ದಿನಾ ಬೆಳಗ್ಗೆ "ಎಲ್ಲಿ ಅವಳು?" ಅನ್ನುತ್ತಾರೆ. ತೀರಿಕೊಂಡರು ಎಂದು ಹೇಳಿದೆವು. ಅತ್ತರು. ಮಾರನೆಯ ಬೆಳಗ್ಗೆ ಮರೆತು ಮತ್ತೆ ಕೇಳಿದರು. ಮತ್ತೆ ಹೇಳಿದೆವು, ಮತ್ತೆ ಅಷ್ಟೇ ಅತ್ತರು. ಈಗ "ನನ್ನ ಅಕ್ಕನಿಗಾದರೂ ಹೇಳಿ ಕಳಿಸಿ" ಅನ್ನುತ್ತಿದ್ದಾರೆ. ಅವರಿಗೆ ಅಕ್ಕನೇ ಇರಲಿಲ್ಲ ಎಂದು ಅವರ ಮನೆಯವರು ಹೇಳುತ್ತಾರೆ. ಯಾವ ಅಕ್ಕ ಎಂದು ನನಗೆ ಗೊತ್ತಾಗಿ ಈ ಪತ್ರ ಬರೆಯಬೇಕೆನಿಸಿತು. ಏನು ಮಾಡಲಿ, ತಿಳಿಸುವಿರಾ?

ತಮ್ಮ ವಿಶ್ವಾಸಿ,
ಮೇಟ್ರನ್


ಜೂನ್ 24

ಮೇಟ್ರನಮ್ಮ,

ನಿಮ್ಮ ಪತ್ರ ಬಂತು. ಸೊಸೆ ಓದಿ ಹೇಳಿದಳು, ಆಮೇಲೆ ನಾನೂ ಓದಿದೆ.

ಇಲ್ಲಿ ಎಲ್ಲರೂ ಬೀದಿಯಿಂದಲೇ ಸಮಾಧಾನ ಹೇಳಿ ಹೋದರು. "ಮೊದಲೇ ಸಕ್ಕರೆ ಕಾಯಿಲೆ ಇತ್ತಲ್ವಾ" ಅನ್ನುತ್ತಾರೆ. ಇತ್ತು. ಇಪ್ಪತ್ತು ವರ್ಷದಿಂದ ಇತ್ತು. ಅದನ್ನಿಟ್ಟುಕೊಂಡೇ ಅವಳು ಕಂಡವರ ಅಪ್ಪ ಅಮ್ಮಂದಿರನ್ನು ಎತ್ತಿದಳು, ಮಲಗಿಸಿದಳು, ತೊಳೆದಳು, ನಗಿಸಿದಳು. ಇನ್ನೂ ಇಪ್ಪತ್ತು ವರ್ಷ ಅದನ್ನಿಟ್ಟುಕೊಂಡೇ ಇರುತ್ತಿದ್ದಳು. ಕಾಯಿಲೆ ಇದ್ದವರು ಅರ್ಧ ಸತ್ತವರು, ಇನ್ನರ್ಧ ಸತ್ತರೆ ಅಷ್ಟೇನೂ ನಷ್ಟವಿಲ್ಲ ಅನ್ನುವ ಹಾಗೆ ಮಾತಾಡುತ್ತಾರೆ. ಅವರಿಗೆ ಉತ್ತರ ಹೇಳುವಷ್ಟು ಉಸಿರು ನನಗಿಲ್ಲ. ಅದಕ್ಕೆ ನಿಮಗೆ ಬರೆದೆ.

ಎಲ್ಲರೂ ಸೇರಿ ಕಾಪಾಡಿದ್ದು ನನ್ನನ್ನು. ಬಾಗಿಲು ಹಾಕಿದರು, ತರಕಾರಿ ತೊಳೆದರು, ಮಗನನ್ನು ದೂರ ಇಟ್ಟರು. ಅವಳಿಗೂ ವಯಸ್ಸಾಗಿದೆ ಎಂದು ಯಾರಿಗೂ ಹೊಳೆಯಲಿಲ್ಲ, ನನಗೂ. ನನ್ನ ಪಾಲಿಗೆ ಅವಳಿನ್ನೂ ನಾನು ಬೆನ್ನ ಮೇಲೆ ಹೊತ್ತ ಪುಟ್ಟಿ. ಹಾಗಿದ್ದೂ ಅವಳು ಜಾಗ ಕೇಳಿದಾಗ ನಾನು ಸುಮ್ಮನಿದ್ದೆ. ನೀವು ಎರಡು ಇಟ್ಟುಕೊಂಡಿದ್ದೀರಿ. ನಾನು ಒಂದನ್ನು ಇಟ್ಟುಕೊಂಡಿದ್ದೇನೆ.

ಆ ತಾಯಿಗೆ ದಿನಾ ಸಾವಿನ ಸುದ್ದಿ ಹೇಳಬೇಡಿ. ಒಂದು ಸಲ ಕೇಳಿ ನನಗೆ ಇಷ್ಟಾಗಿದೆ. ಅವರು ದಿನಾ ಹೊಸದಾಗಿ ಕೇಳುವುದು ಬೇಡ. "ಇನ್ನೂ ಬಂದಿಲ್ಲ, ಲೇಟು" ಅನ್ನಿ, ಅದು ಸುಳ್ಳೂ ಅಲ್ಲ. ಇಡೀ ಲೋಕದಲ್ಲಿ ಒಬ್ಬರಾದರೂ ಅವಳು ಕೆಲಸಕ್ಕೆ ಬರುತ್ತಾಳೆ ಎಂದು ಕಾಯುತ್ತಿರಲಿ.

ಇದರ ಜೊತೆ ಇರುವ ಇನ್ನೊಂದು ಹಾಳೆ ಅವರಿಗೆ. ಊಟದ ಹೊತ್ತಿಗೆ ಓದಿ ಹೇಳಿ. ಮುಗಿದರೆ ತಿಳಿಸಿ, ಮತ್ತೆ ಬರೆಯುತ್ತೇನೆ.

ಅವಳ ಅಕ್ಕ


ಜೂನ್ 24

ತಂಗಿ,

ಹೇಳಿ ಕಳಿಸಿದೆಯಂತೆ. ನನಗೆ ಮೆಟ್ಟಿಲು ಇಳಿಯಲು ಆಗುವುದಿಲ್ಲ ಕಣೇ, ಅದಕ್ಕೆ ಕಾಗದ. ಊಟ ಮಾಡುವುದಿಲ್ಲ ಅಂತ ಹಟ ಹಿಡಿದಿದ್ದೀಯಂತೆ, ಇದೇನು ಚೆನ್ನಾಗಿದೆಯಾ? ಹೆಡ್‌ಮಿಸ್ಟ್ರೆಸ್ ಆಗಿದ್ದವಳು ಹೀಗೆ ಮಾಡಿದರೆ ಮಕ್ಕಳು ಏನು ಕಲಿಯುತ್ತಾರೆ?

ಮೊದಲು ಒಂದು ಚಮಚ. ನುಂಗು.

ಈಗ ಹೇಳುತ್ತೇನೆ. ನಮ್ಮ ಮನೆಯಲ್ಲಿ ಒಬ್ಬ ಹುಡುಗಿ ಇದ್ದಳು, ಪುಟ್ಟಿ ಎಂದು. ನಾನು ಗಿರಣಿಯಿಂದ ಬರುವಾಗ ತಲೆಯ ತುಂಬ ಹತ್ತಿಯ ಎಳೆ ಇರುತ್ತಿತ್ತು. ಅವಳು ನನ್ನನ್ನು ಬಾಗಿಲಲ್ಲೇ ಕೂರಿಸಿ ಒಂದೊಂದೇ ಎಳೆ ಆರಿಸುತ್ತಿದ್ದಳು. "ಅಕ್ಕಾ, ನಿನಗೆ ಇಷ್ಟು ಬೇಗ ಯಾಕೆ ವಯಸ್ಸಾಯ್ತು?" ಎಂದು ಕೇಳುತ್ತಿದ್ದಳು. ಪೂರ್ತಿ ಆರಿಸಿದ ಮೇಲೆ, "ಈಗ ನೋಡು, ಮತ್ತೆ ಹುಡುಗಿಯಾದೆ" ಅನ್ನುತ್ತಿದ್ದಳು.

ಇನ್ನೊಂದು ಚಮಚ.

ಆಮೇಲೆ ಅಕ್ಕ ಏನು ಮಾಡಿದಳು ಎಂದು ಕೇಳುತ್ತೀಯ, ಗೊತ್ತು. ಅಕ್ಕ ಅವಳನ್ನು ಎತ್ತಿಕೊಂಡು ಒಳಗೆ ಕರೆದುಕೊಂಡು ಹೋದಳು.

ನಿನ್ನ
ಅಕ್ಕ